ಗ್ರಿಪ್ ಹೊಸದರಂತಿದೆ, ಟೈರ್ ಮಾತ್ರ ಹಳೆಯದು: ಗಾಡಿ ಓಡಿಸಬಹುದಾ?

ಪ್ರಶ್ನೆ: ನಮಸ್ಕಾರ ಸರ್. ನಾನು ಮುಧೋಳದವನು. ನಮ್ಮ ತಂದೆಯವರ ಬುಲೆಟ್ 350 ಬಹಳ ವರ್ಷ ತಗಡಿನ ಶೆಡ್‌ನಲ್ಲಿ ನಿಂತಿತ್ತು. 2016ರಲ್ಲಿ ಅವರು ಎರಡೂ ಟೈರ್ ಹೊಸದಾಗಿ ಹಾಕಿಸಿದ್ದರು. ಆಮೇಲೆ ಮೊಣಕಾಲು ನೋವು ಶುರುವಾಗಿ ಗಾಡಿ ಹೊರಗೆ ತೆಗೆದದ್ದೇ ಕಡಿಮೆ. ಈಗ ನಾನು ಎಂಜಿನ್ ಕೆಲಸ ಮಾಡಿಸಿದ್ದೇನೆ. ಟೈರಿನ ಗ್ರಿಪ್ ಹೊಸದರ ಹಾಗೇ ಇದೆ, ಬದಿಯಲ್ಲಿ ಮಾತ್ರ ಕೂದಲೆಳೆಯಷ್ಟು ಸಣ್ಣ ಬಿರುಕುಗಳಿವೆ. ನಮ್ಮ ಮೆಕ್ಯಾನಿಕ್ ಕಾಕಾ ‘ಹವಾ ಹಿಡೀತೈತಲ್ಲ, ಏನೂ ಆಗಂಗಿಲ್ಲ ಬಿಡು ತಮ್ಮಾ’ ಅಂದರು. ಹೆಂಡತಿಯನ್ನು ಕೂರಿಸಿಕೊಂಡು ಮೊದಲು ಕೂಡಲಸಂಗಮಕ್ಕೆ, ಮಳೆಗಾಲದಲ್ಲಿ ಚೋರ್ಲಾ ಘಾಟ್ ಮೇಲೆ ಗೋವಾಕ್ಕೆ ಹೋಗುವ ಆಸೆ. ಈ ಟೈರ್ ಮೇಲೆ ಹೋಗಬಹುದಾ? ಟೈರಿಗೆ ಆಯಸ್ಸು ಅಂತ ಎಷ್ಟು ವರ್ಷ? ಫೋಟೋ ಕಳಿಸಿದ್ದೇನೆ.

ಉತ್ತರ: ಹೋಗಬೇಡಿ. ಗೋವಾ ದೂರದ ಮಾತಾಯಿತು, ಕೂಡಲಸಂಗಮಕ್ಕೂ ಈ ಟೈರ್ ಮೇಲೆ ಬೇಡ. ಎರಡೂ ಟೈರ್, ಒಳಗಿನ ಟ್ಯೂಬ್ ಸಮೇತ ಬದಲಾಯಿಸಿ. ಹೊಸದರಂಥ ಗ್ರಿಪ್ ಇರುವ ಟೈರನ್ನು ಬಿಸಾಡಿ ಅಂದರೆ ಹೊಟ್ಟೆ ಉರಿಯುತ್ತದೆ, ಅದು ಸಹಜ. ಅದಕ್ಕೇ ಕಾರಣವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು ನಿಮ್ಮ ಫೋಟೋದಲ್ಲಿರುವ ಅಂಕಿಗಳು. ಟೈರಿನ ಬದಿಯಲ್ಲಿ ಮೊಟ್ಟೆಯಾಕಾರದ ಚಿಕ್ಕ ಚೌಕಟ್ಟಿನೊಳಗೆ ನಾಲ್ಕು ಅಂಕಿ ಕಾಣುತ್ತವೆ. ಮುಂದಿನ ಟೈರಿನಲ್ಲಿ 3815 ಅಂತ ಇದೆ, ಹಿಂದಿನದರಲ್ಲಿ 0916. ಮೊದಲ ಎರಡು ಅಂಕಿ ವಾರ, ಕೊನೆಯ ಎರಡು ವರ್ಷ. ಅಂದರೆ ಮುಂದಿನದು 2015ರ 38ನೇ ವಾರ, ಸೆಪ್ಟೆಂಬರ್‌ನಲ್ಲಿ ತಯಾರಾದದ್ದು. ಹಿಂದಿನದು 2016ರ 9ನೇ ವಾರದ್ದು. ಟೈರಿನ ವಯಸ್ಸನ್ನು ಲೆಕ್ಕ ಹಾಕುವುದು ಈ ಅಂಕಿಯಿಂದ. ಬಿಲ್ ಮೇಲಿನ ತಾರೀಖಿನಿಂದಲ್ಲ, ಎಷ್ಟು ಕಿಲೋಮೀಟರ್ ಓಡಿದೆ ಎಂಬುದರಿಂದಲೂ ಅಲ್ಲ. ಬೇರೆ ಯಾರಾದರೂ ತಮ್ಮ ಗಾಡಿಯಲ್ಲಿ ಈ ಅಂಕಿ ಹುಡುಕಿ ಸಿಗದೇ ಇದ್ದರೆ ಟೈರಿನ ಇನ್ನೊಂದು ಬದಿ ನೋಡಿ. ಎಷ್ಟೋ ಟೈರುಗಳಲ್ಲಿ ಒಂದೇ ಬದಿಗೆ ಒತ್ತಿರುತ್ತಾರೆ. ನಾಲ್ಕರ ಬದಲು ಮೂರೇ ಅಂಕಿ ಇದ್ದರೆ ಅದು 2000ಕ್ಕಿಂತ ಹಿಂದಿನ ಟೈರ್. ಅಂಥದ್ದನ್ನು ಹಳೇ ಸ್ಕೂಟರಿನ ಸ್ಟೆಪ್ನಿಯಲ್ಲಿ ಈಗಲೂ ಕಾಣಬಹುದು, ನೋಡಿ ಖುಷಿಪಡಿ, ಗಾಡಿಗೆ ಹಾಕಬೇಡಿ.

ಈಗ ಗ್ರಿಪ್ ವಿಷಯ. ನಮ್ಮಲ್ಲಿ ಟೈರ್ ನೋಡುವುದು ಅಂದರೆ ಗೆರೆಗಳ ಆಳ ನೋಡುವುದು, ಅಷ್ಟೇ. ಕಾನೂನು ಕೂಡ ಅದನ್ನೇ ಕೇಳುತ್ತದೆ. ಟೈರಿನ ಅಂಚಿನಲ್ಲಿ ಇಂಗ್ಲಿಷಿನ ಟಿ, ಡಬ್ಲ್ಯು, ಐ ಎಂಬ ಮೂರು ಅಕ್ಷರವೋ ಒಂದು ತ್ರಿಕೋನದ ಗುರುತೋ ಇರುತ್ತದೆ. ಅದರ ನೇರಕ್ಕೆ ಗೆರೆಯ ತಳದಲ್ಲಿ ಸಣ್ಣ ದಿಬ್ಬ ಇರುತ್ತದೆ. ದ್ವಿಚಕ್ರ ವಾಹನದಲ್ಲಿ ಅದರ ಎತ್ತರ ಸುಮಾರು 0.8 ಮಿ.ಮೀ. ಟೈರ್ ಸವೆದು ಆ ದಿಬ್ಬಕ್ಕೆ ಸಮನಾದರೆ ಕೆಲಸ ಮುಗಿಯಿತು ಅಂತ ಅರ್ಥ. ಆದರೆ ಆ ಗೆರೆಗಳು ಟೈರ್ ಎಷ್ಟು ಸವೆದಿದೆ ಅಂತ ಮಾತ್ರ ಹೇಳುತ್ತವೆ. ರಬ್ಬರ್ ಇನ್ನೂ ರಬ್ಬರ್ ಆಗಿ ಉಳಿದಿದೆಯಾ ಅನ್ನುವುದು ಬೇರೆಯೇ ಪ್ರಶ್ನೆ.

ಗೆರೆಗಳ ಮುಖ್ಯ ಕೆಲಸ ನೀರು, ಕೆಸರನ್ನು ಆಚೆ ತಳ್ಳುವುದು. ರಸ್ತೆಯನ್ನು ಹಿಡಿದುಕೊಳ್ಳುವುದು ರಬ್ಬರಿನ ಮೆತ್ತನೆಯ ಮೈ. ಡಾಂಬರು ರಸ್ತೆ ಕಣ್ಣಿಗೆ ಸಪಾಟಾಗಿ ಕಂಡರೂ ಅದು ಸಣ್ಣ ಸಣ್ಣ ಜಲ್ಲಿ ಮೊನೆಗಳ ಹಾಸು. ರಬ್ಬರ್ ಆ ಮೊನೆಗಳ ಸುತ್ತ ಬಾಗಿ, ಸಂದಿಗಳಿಗೆ ಇಳಿದು ಹಿಡಿಯುತ್ತದೆ. ಬೈಕಿನ ಒಂದೊಂದು ಗಾಲಿ ನೆಲಕ್ಕೆ ತಾಗುವ ಜಾಗ ಅಂಗೈಗಿಂತ ದೊಡ್ಡದಲ್ಲ. ಅಷ್ಟು ಜಾಗದಲ್ಲೇ ಬ್ರೇಕ್, ತಿರುವು, ಇಬ್ಬರ ಭಾರ ಎಲ್ಲವೂ ನಿಲ್ಲಬೇಕು. ರಬ್ಬರ್ ಗಟ್ಟಿಯಾದರೆ ಸಂದಿಗೆ ಇಳಿಯುವುದಿಲ್ಲ, ಮೊನೆಗಳ ಮೇಲೆಯೇ ತೇಲುತ್ತದೆ. ಮಕ್ಕಳ ಕಂಪಾಸ್ ಪೆಟ್ಟಿಗೆಯಲ್ಲಿ ಮರೆತು ಹೋದ ಹಳೇ ರಬ್ಬರ್ ತಗೊಂಡು ಪೆನ್ಸಿಲ್ ಗೆರೆ ಅಳಿಸಿ ನೋಡಿ. ಅಳಿಸುವುದಿಲ್ಲ, ಕಾಗದದ ಮೇಲೆ ಜಾರುತ್ತದೆ. ಆಕಾರವೇನೂ ಕೆಟ್ಟಿರುವುದಿಲ್ಲ.

ಗಟ್ಟಿಯಾಗುವುದು ಯಾಕೆ? ಕಾರ್ಖಾನೆಯಲ್ಲಿ ರಬ್ಬರಿಗೆ ಗಂಧಕ ಬೆರೆಸಿ ಬೇಯಿಸುತ್ತಾರೆ. ಆ ಗಂಧಕ ರಬ್ಬರಿನ ಎಳೆಗಳನ್ನು ಒಂದಕ್ಕೊಂದು ಕಟ್ಟುತ್ತದೆ. ಟೈರ್ ಹೊರಬಂದ ಮೇಲೂ ಈ ಕಟ್ಟುವ ಕೆಲಸ ನಿಧಾನವಾಗಿ ನಡೆಯುತ್ತಲೇ ಇರುತ್ತದೆ. ಗಾಳಿಯ ಆಮ್ಲಜನಕವೂ ಅದಕ್ಕೆ ಕೈ ಸೇರಿಸುತ್ತದೆ. ರಬ್ಬರನ್ನು ಮೆತ್ತಗಿಡಲು ಹಾಕಿದ ಎಣ್ಣೆ ವರ್ಷಗಳಲ್ಲಿ ಕಡಿಮೆಯಾಗುತ್ತದೆ. ಇದೆಲ್ಲಕ್ಕೂ ಬಿಸಿಲೇ ದೊಡ್ಡ ಶತ್ರು. ಶಾಖ 10 ಡಿಗ್ರಿ ಏರಿದರೆ ಇಂಥ ಪ್ರಕ್ರಿಯೆಯ ವೇಗ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ ಎಂಬುದು ರಸಾಯನಶಾಸ್ತ್ರದ ಅಂದಾಜು ಲೆಕ್ಕ. ಏಪ್ರಿಲ್, ಮೇ ತಿಂಗಳಲ್ಲಿ ಮುಧೋಳ, ಜಮಖಂಡಿ, ವಿಜಯಪುರದ ಕಡೆ ನೆರಳಲ್ಲೇ 40 ಡಿಗ್ರಿ. ತಗಡಿನ ಶೆಡ್ ಒಳಗೆ ಇನ್ನೆಷ್ಟು ಇರುತ್ತದೆ ಅಂತ ಮಧ್ಯಾಹ್ನ ಒಳಗೆ ಹೋದವರಿಗೆ ಹೇಳಬೇಕಾಗಿಲ್ಲ.

‘ಓಡಿಸಿಯೇ ಇಲ್ಲ, ಮತ್ತೆ ಹಾಳಾಗೋದು ಹೇಗೆ?’ ಅಂತ ನೀವು ಕೇಳಬಹುದು. ನಿಲ್ಲಿಸಿದ್ದರಿಂದಲೇ ಜಾಸ್ತಿ ಹಾಳಾಗಿದೆ! ರಬ್ಬರಿನಲ್ಲಿ ಒಂದು ಬಗೆಯ ಮೇಣ, ಜೊತೆಗೆ ಓಝೋನ್ ತಡೆಯುವ ರಾಸಾಯನಿಕ ಬೆರೆಸಿರುತ್ತಾರೆ. ಗಾಲಿ ತಿರುಗಿ ಟೈರ್ ಬಾಗುತ್ತಾ ಇದ್ದರೆ ಅವು ಮೇಲ್ಮೈಗೆ ಚೆನ್ನಾಗಿ ಬಂದು ಕಾಪಾಡುತ್ತವೆ. ನಿಂತ ಗಾಡಿಯಲ್ಲಿ ಆ ಸೌಲಭ್ಯ ಕಡಿಮೆ. ಮೇಲಾಗಿ ನಿಂತ ಗಾಡಿಯ ಹವಾ ತಾನಾಗಿ ಇಳಿಯುತ್ತದೆ. ಆಗ ಟೈರಿನ ಬದಿ ಉಬ್ಬಿ ಹಿಗ್ಗುತ್ತದೆ. ಗಾಳಿಯಲ್ಲಿರುವ ಓಝೋನ್ ಹಿಗ್ಗಿದ ರಬ್ಬರನ್ನೇ ಹುಡುಕಿ ಸೀಳುತ್ತದೆ. ನೀವು ಹೇಳಿದ ಕೂದಲೆಳೆ ಬಿರುಕು ಅದೇ. ಬಹುಶಃ ನೆಲಕ್ಕೆ ತಾಗಿ ನಿಂತ ಜಾಗದ ಆಚೀಚೆ ಅದು ಹೆಚ್ಚಾಗಿ ಕಾಣಬಹುದು, ಗಾಲಿ ತಿರುಗಿಸಿ ನೋಡಿ. ಶೆಡ್ ಪಕ್ಕದಲ್ಲಿ ವೆಲ್ಡಿಂಗ್ ಅಂಗಡಿ ಇದ್ದರಂತೂ ಇನ್ನೂ ಕೆಟ್ಟದ್ದು. ವೆಲ್ಡಿಂಗ್ ಕಿಡಿಯಿಂದ ಓಝೋನ್ ಹುಟ್ಟುತ್ತದೆ.

ಬಿರುಕು ಎಲ್ಲಿದೆ ಅನ್ನುವುದು ಮುಖ್ಯ. ಬದಿಯ ಮೇಲ್ಮೈಯಲ್ಲಿ ಮಾತ್ರ ಇದ್ದರೆ ಅದು ವಯಸ್ಸಿನ ಲಕ್ಷಣ. ಗೆರೆಗಳ ತಳದಲ್ಲಿ ಇದ್ದರೆ, ಅಥವಾ ಟೈರ್ ರಿಮ್‌ಗೆ ಕೂರುವ ಅಂಚಿನ ಹತ್ತಿರ ಇದ್ದರೆ, ಅದು ಅಪಾಯದ ಲಕ್ಷಣ. ಬಿರುಕಿನೊಳಗೆ ನೂಲು ಕಂಡರೆ ಗಾಡಿಯನ್ನು ಅಂಗಳದಿಂದ ಆಚೆ ತರಬೇಡಿ. ಉಗುರಿನಿಂದ ಒತ್ತಿ ನೋಡುವ ಪರೀಕ್ಷೆಯೂ ಇದೆ. ಹೊಸ ಟೈರಿನ ಮೈಯಲ್ಲಿ ಹೆಬ್ಬೆರಳ ಉಗುರು ಸ್ವಲ್ಪ ಒಳಗಿಳಿಯುತ್ತದೆ, ತೆಗೆದರೆ ಗುರುತು ಮಾಯ. ಹಳೆಯದರಲ್ಲಿ ಉಗುರೇ ಬಾಗುತ್ತದೆ. ಆದರೆ ಇದನ್ನು ಬೆಳಗಿನ ತಂಪಿನಲ್ಲಿ ಮಾಡಿ. ಮಧ್ಯಾಹ್ನದ ಬಿಸಿಲಲ್ಲಿ ಎಂಥ ಟೈರೂ ಮೆತ್ತಗೆ ಅನ್ನಿಸುತ್ತದೆ. ಇನ್ನೊಂದು, ಬಿರುಕು ಕಾಣದಿದ್ದರೂ ಟೈರ್ ಗಟ್ಟಿಯಾಗಿರಬಹುದು. ಅದಕ್ಕೇ ಕಣ್ಣಿನ ಪರೀಕ್ಷೆಗಿಂತ ಆ ನಾಲ್ಕು ಅಂಕಿಯನ್ನು ನಾನು ಜಾಸ್ತಿ ನಂಬುತ್ತೇನೆ.

ಇನ್ನು ನಿಮ್ಮ ಮೆಕ್ಯಾನಿಕ್ ಕಾಕಾ ಹೇಳಿದ ಮಾತು. ಅವರು ಸುಳ್ಳು ಹೇಳಿಲ್ಲ. ಹವಾ ಹಿಡಿಯುವುದು ಟ್ಯೂಬ್, ಟೈರ್ ಅಲ್ಲ. ಬುಲೆಟ್ ಸ್ಪೋಕ್ ಗಾಲಿಯ ಗಾಡಿ, ಟ್ಯೂಬ್ ಇರುವ ಟೈರ್. ಟೈರ್ ಎಷ್ಟೇ ಹಳೆಯದಾದರೂ ಒಳಗೆ ಟ್ಯೂಬ್ ಸರಿ ಇದ್ದರೆ ಹವಾ ನಿಲ್ಲುತ್ತದೆ. ಆದ್ದರಿಂದ ಹವಾ ನಿಂತಿದೆ ಎಂಬುದು ಟೈರಿಗೆ ಸಿಕ್ಕ ಸರ್ಟಿಫಿಕೇಟ್ ಅಲ್ಲ. ಇನ್ನು ಆ ಟ್ಯೂಬಿಗೂ ಅಷ್ಟೇ ವಯಸ್ಸಾಗಿದೆ. ಅದು ಹೆಚ್ಚಾಗಿ ಕೈಕೊಡುವುದು ವಾಲ್ವ್ ಬುಡದಲ್ಲಿ. ಅಲ್ಲಿ ಹರಿದರೆ ಪಂಕ್ಚರ್ ಹಚ್ಚಲು ಬರುವುದಿಲ್ಲ, ಹವಾ ಒಂದೇ ಸಲಕ್ಕೆ ಹೋಗುತ್ತದೆ. ಟ್ಯೂಬ್‌ಲೆಸ್ ಟೈರಿನಲ್ಲಿ ಮೊಳೆ ಚುಚ್ಚಿದರೆ ಸಾಮಾನ್ಯವಾಗಿ ನಿಧಾನಕ್ಕೆ ಇಳಿಯುತ್ತದೆ. ಟ್ಯೂಬ್ ಹರಿದರೆ ಆ ಸಮಯವೇ ಸಿಗುವುದಿಲ್ಲ. ಹಳೇ ಟೈರಿಗೆ ಹೊಸ ಟ್ಯೂಬ್ ಹಾಕಿ ಹೊರಡುವವರೂ ಇದ್ದಾರೆ. ಅದು ಅರ್ಧ ಕೆಲಸ, ಅದೂ ಕಡಿಮೆ ಮುಖ್ಯವಾದ ಅರ್ಧ.

ಟೈರ್ ಸಿಡಿಯುವುದಕ್ಕೇ ಎಲ್ಲರೂ ಹೆದರುತ್ತಾರೆ. ನನ್ನ ಲೆಕ್ಕದಲ್ಲಿ ಹಳೇ ಟೈರಿನ ದೊಡ್ಡ ಅಪಾಯ ಅದಲ್ಲ. ಒಣ ರಸ್ತೆಯಲ್ಲಿ ನೇರ ಹೋಗುವಾಗ ಹಳೇ ಟೈರ್ ಚೆನ್ನಾಗೇ ಓಡುತ್ತದೆ. ನೂರು ಕಿಲೋಮೀಟರ್ ಓಡಿಸಿದರೂ ಏನೂ ವ್ಯತ್ಯಾಸ ಗೊತ್ತಾಗದು. ‘ನಮ್ಮ ಸ್ಪ್ಲೆಂಡರ್ ಟೈರಿಗೆ ಹನ್ನೆರಡು ವರ್ಷ, ದಿನಾ ಹೊಲಕ್ಕೆ ಹೋಗಿ ಬರ್ತೀನಿ’ ಅನ್ನುವವರು ಎಲ್ಲ ಊರಲ್ಲೂ ಸಿಗುತ್ತಾರೆ. ಅವರು ಹೇಳುವುದು ನಿಜ. ಮೂವತ್ತರ ವೇಗ, ಗೊತ್ತಿರುವ ದಾರಿ, ಒಬ್ಬರೇ ಸವಾರಿ. ಅಲ್ಲಿ ಟೈರಿಗೆ ಪರೀಕ್ಷೆಯೇ ಬಂದಿರುವುದಿಲ್ಲ. ಪರೀಕ್ಷೆ ಬರುವುದು ಒಂದು ಸೆಕೆಂಡಿನಲ್ಲಿ. 60ರ ವೇಗದಲ್ಲಿ ಆ ಒಂದು ಸೆಕೆಂಡಿಗೆ ಗಾಡಿ ಸುಮಾರು 17 ಮೀಟರ್ ದಾಟುತ್ತದೆ. ಲೋಕಾಪುರದ ದಾರಿಯಲ್ಲಿ ನಾಯಿ ಅಡ್ಡ ಬಂದಿತು ಅಂದುಕೊಳ್ಳಿ. (ಮುಧೋಳದವರಿಗೆ ನಾಯಿಯ ವೇಗದ ಬಗ್ಗೆ ನಾನು ಹೇಳಬೇಕಾ!) ನೀವು ಮುಂದಿನ ಬ್ರೇಕ್ ಹಿಡಿಯುತ್ತೀರಿ, ಭಾರವೆಲ್ಲ ಮುಂದಿನ ಗಾಲಿಯ ಮೇಲೆ ಬೀಳುತ್ತದೆ. ಗಟ್ಟಿ ರಬ್ಬರ್ ಹಿಡಿಯದೆ ಜಾರಿದರೆ ಗಾಲಿ ಲಾಕ್ ಆಗುತ್ತದೆ, ಹ್ಯಾಂಡಲ್ ಮಡಚಿಕೊಳ್ಳುತ್ತದೆ. ಹಿಂದಿನ ಗಾಲಿ ಜಾರಿದರೆ ಎಷ್ಟೋ ಸಲ ಸಂಭಾಳಿಸಬಹುದು. ಮುಂದಿನದು ಜಾರಿದರೆ ಯೋಚನೆ ಮಾಡುವುದರೊಳಗೆ ನೆಲದ ಮೇಲಿರುತ್ತೀರಿ.

ಎಬಿಎಸ್ ಇದ್ದರೆ ಗಾಲಿ ಲಾಕ್ ಆಗದಂತೆ ತಡೆಯುತ್ತದೆ. 125 ಸಿಸಿ ಮೀರಿದ ಹೊಸ ಬೈಕುಗಳಿಗೆ ಅದು ಕಡ್ಡಾಯವಾದದ್ದು 2019ರ ಏಪ್ರಿಲ್‌ನಿಂದ. ನಿಮ್ಮದು ಅದಕ್ಕೂ ಹಿಂದಿನ ಗಾಡಿ. ಎಬಿಎಸ್ ಇರುವವರೂ ಒಂದು ನೆನಪಿಡಿ. ಅದು ಇರುವ ಹಿಡಿತವನ್ನು ಚೆನ್ನಾಗಿ ಬಳಸುತ್ತದೆ, ಇಲ್ಲದ ಹಿಡಿತವನ್ನು ತಂದುಕೊಡುವುದಿಲ್ಲ.

ನಮ್ಮ ಕಡೆಯ ರಸ್ತೆಗಳಿಗೆ ಬರೋಣ. ಕಬ್ಬಿನ ಹಂಗಾಮು ಶುರುವಾದರೆ ಮುಧೋಳ, ಜಮಖಂಡಿ, ಗೋಕಾಕ ಕಡೆ ರಸ್ತೆ ಹೇಗಿರುತ್ತದೆ ಅಂತ ನಿಮಗೆ ಗೊತ್ತು. ಟ್ರ್ಯಾಕ್ಟರ್ ಗಾಲಿಗೆ ಅಂಟಿದ ಎರೆ ಮಣ್ಣು ಹೊಲದಿಂದ ಡಾಂಬರಿಗೆ ಬರುತ್ತದೆ. ಟ್ರೇಲರಿನಿಂದ ಬಿದ್ದ ಕಬ್ಬು, ರವದಿ ಅದರ ಮೇಲೆ. ಇಬ್ಬನಿಯೋ ನಾಲ್ಕು ಹನಿ ಮಳೆಯೋ ಬಿದ್ದರೆ ಅದು ರಾಡಿಯಾಗಿ ಸಾಬೂನು ಬಳಿದಂತೆ ಜಾರುತ್ತದೆ. ಅಲ್ಲಿ ಹೊಸ ಟೈರಿನವರೂ ಎಚ್ಚರವಾಗಿರಬೇಕು. ಗಟ್ಟಿ ಟೈರಿನವರು ಕಾಲು ನೆಲಕ್ಕೆ ಬಿಟ್ಟುಕೊಂಡೇ ಹೋಗಬೇಕು.

ಚೋರ್ಲಾ ಇನ್ನೊಂದು ತರಹ. ಲೋಕಾಪುರ, ಯರಗಟ್ಟಿ ಮೇಲೆ ಬೆಳಗಾವಿ ತನಕ ಬಯಲು ದಾರಿ, ಆಮೇಲೆ ಜಾಂಬೋಟಿ, ಕಣಕುಂಬಿ ದಾಟಿದರೆ ಘಾಟ್. ಮಳೆಗಾಲದಲ್ಲಿ ಅಲ್ಲಿ ಮಳೆಯ ಜೊತೆ ಮಂಜು. ಮರದ ನೆರಳಿನ ತಿರುವುಗಳಲ್ಲಿ ಪಾಚಿ, ಒದ್ದೆ ಎಲೆ. ಇಳಿಜಾರಿನಲ್ಲಿ ಬ್ರೇಕ್ ಹಿಡಿದುಕೊಂಡೇ ವಾಲಬೇಕಾಗುತ್ತದೆ. ವಾಲುವುದು, ಬ್ರೇಕ್ ಹಿಡಿಯುವುದು, ಒದ್ದೆ, ತಂಪು. ಹಳೇ ರಬ್ಬರಿಗೆ ಇದಕ್ಕಿಂತ ಕೆಟ್ಟ ಜಾಗ ಸಿಗದು. ಗಟ್ಟಿಯಾದ ರಬ್ಬರ್ ತಂಪಿನಲ್ಲಿ ಇನ್ನೂ ಗಟ್ಟಿ. ಮುಧೋಳದ ಬಿಸಿಲಿನಲ್ಲಿ ‘ಪರವಾಗಿಲ್ಲ’ ಅನ್ನಿಸಿದ ಟೈರ್ ಅಲ್ಲಿ ಬೇರೆ ಟೈರೇ ಆಗಿಬಿಡುತ್ತದೆ. ಹಿಂದೆ ಹೆಂಡತಿ ಕೂತಿರುತ್ತಾರೆ ಅನ್ನುವುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಹಾಗಾದರೆ ಆಯಸ್ಸು ಎಷ್ಟು? ನಮ್ಮ ಕಾನೂನಿನಲ್ಲಿ ಬೈಕ್ ಟೈರಿಗೆ ಇಷ್ಟೇ ವರ್ಷ ಅಂತ ಮಿತಿ ಇಲ್ಲ. ಮಿಶೆಲಿನ್‌ನಂಥ ದೊಡ್ಡ ಕಂಪನಿ ಹೇಳುವುದು ಹೀಗೆ: ಬಳಸಲು ಶುರು ಮಾಡಿ ಐದು ವರ್ಷ ಆದ ಮೇಲೆ ವರ್ಷಕ್ಕೊಮ್ಮೆ ತಿಳಿದವರಿಂದ ಪರೀಕ್ಷೆ ಮಾಡಿಸಿ, ತಯಾರಾಗಿ ಹತ್ತು ವರ್ಷ ಆದರೆ ನೋಡಲು ಚೆನ್ನಾಗಿದ್ದರೂ ತೆಗೆಯಿರಿ. ಹತ್ತು ವರ್ಷ ಅನ್ನುವುದು ಕೊನೆಯ ಗಡಿ, ಗುರಿಯಲ್ಲ. ನಮ್ಮ ಬಿಸಿಲು, ತಗಡಿನ ಶೆಡ್ಡು ನೋಡಿದರೆ ನಾನು ಐದು ವರ್ಷಕ್ಕೆ ಅನುಮಾನ ಪಡಲು ಶುರು ಮಾಡುತ್ತೇನೆ, ಏಳು ವರ್ಷಕ್ಕೆ ಗ್ರಿಪ್ ಎಷ್ಟಿದ್ದರೂ ಬಿಚ್ಚಿಸುತ್ತೇನೆ. ಇದು ನನ್ನ ಅಭಿಪ್ರಾಯ. ಆರೂವರೆ ವರ್ಷಕ್ಕೆ ಟೈರ್ ಸತ್ತೇ ಹೋಗುತ್ತದೆ ಅಂತಲ್ಲ. ನಿಮ್ಮದರ ಬಗ್ಗೆ ಮಾತ್ರ ಅಭಿಪ್ರಾಯಕ್ಕೆ ಜಾಗವೇ ಇಲ್ಲ.

ಬಿರುಕು ಮುಚ್ಚಲು ಡೀಸೆಲ್, ಆಯಿಲ್, ಪಾಲಿಶ್ ಹಚ್ಚುವವರಿದ್ದಾರೆ. ಡೀಸೆಲ್, ಎಂಜಿನ್ ಆಯಿಲ್ ರಬ್ಬರನ್ನು ಉಬ್ಬಿಸಿ ಇನ್ನಷ್ಟು ಕೆಡಿಸುತ್ತವೆ. ಪಾಲಿಶ್ ನೆಲಕ್ಕೆ ತಾಗುವ ಭಾಗಕ್ಕೆ ಬಿದ್ದರೆ ಮೊದಲ ತಿರುವಿನಲ್ಲೇ ಗೊತ್ತಾಗುತ್ತದೆ. ಹಳೇ ಗಾಡಿ ಕೊಳ್ಳಲು ಹೋದಾಗ ಟೈರ್ ಕರ‍್ರಗೆ ಮಿರಮಿರ ಮಿಂಚುತ್ತಿದ್ದರೆ ಮೊದಲು ಆ ನಾಲ್ಕು ಅಂಕಿ ನೋಡಿ, ಆಮೇಲೆ ರೇಟಿನ ಮಾತು. ಸವೆದ ಟೈರಿಗೆ ಬಿಸಿ ಬ್ಲೇಡಿನಿಂದ ಹೊಸ ಗೆರೆ ಕೊರೆದು ಮಾರುವುದೂ ಉಂಟು. ಬೈಕಿಗೆ ಅಂಥದ್ದು ಬೇಡವೇ ಬೇಡ, ಕೊರೆದ ಜಾಗದಲ್ಲಿ ನೂಲಿನ ಮೇಲೆ ರಬ್ಬರೇ ಉಳಿದಿರುವುದಿಲ್ಲ.

ಈಗ ಕೊಳ್ಳುವ ವಿಷಯ. ನಿಮ್ಮ ಬುಲೆಟ್‌ಗೆ ಹಿಂದೆ ಮುಂದೆ ಎರಡಕ್ಕೂ 3.25-19 ಅಳತೆ. ಬೇರೆ ಅಳತೆ ಹಾಕಿ ದಪ್ಪ ಕಾಣಿಸುವ ಚಟ ಬೇಡ. ಅಳತೆಯ ಪಕ್ಕ 54ಪಿ ಅಂತ ಇದ್ದರೆ 54 ಅಂದರೆ ಸರಿಯಾದ ಹವಾದಲ್ಲಿ 212 ಕಿಲೋ ಭಾರ, ಪಿ ಅಂದರೆ 150 ಕಿ.ಮೀ. ವೇಗದ ಮಿತಿ. ಎಂಆರ್‌ಎಫ್, ಸಿಯೆಟ್, ಯೂರೋಗ್ರಿಪ್ ಯಾವುದಾದರೂ ಆಗಲಿ, ಐಎಸ್ಐ ಗುರುತು ಇರಲಿ. ಬ್ರ್ಯಾಂಡ್ ಬಗ್ಗೆ ವಾದ ಮಾಡುವ ಸಮಯದಲ್ಲಿ ತಯಾರಿಯ ಅಂಕಿ ನೋಡಿ. ಒಂದು ವರ್ಷದ ಒಳಗಿನದು ಕೇಳಿ, ಫಿಟ್ಟಿಂಗ್ ಮಾಡುವ ಮೊದಲೇ ಕೇಳಿ. ಮಳಿಗೆಯ ಒಳಗೆ, ನೆರಳಲ್ಲಿ ಇಟ್ಟ ಟೈರ್ ಒಂದೆರಡು ವರ್ಷದ್ದಾದರೂ ಕೆಟ್ಟಿರುವುದಿಲ್ಲ. ಅಂಗಡಿ ಮುಂದೆ ಬಿಸಿಲಿಗೆ ನೇತುಹಾಕಿದ್ದನ್ನು ಮಾತ್ರ ನಾನು ಮುಟ್ಟುವುದಿಲ್ಲ.

ಟೈರ್ ಬಿಚ್ಚಿದಾಗ ರಿಮ್ ಒಳಗೆ ತುಕ್ಕು ನೋಡಿಸಿ. ಇಷ್ಟು ವರ್ಷ ನಿಂತ ಗಾಡಿಯಲ್ಲಿ ಇರದಿದ್ದರೆ ಆಶ್ಚರ್ಯ. ಉಜ್ಜಿ ತೆಗೆಸಿ, ಸ್ಪೋಕ್ ಬಿಗಿ ಮಾಡಿಸಿ, ರಿಮ್ ಟೇಪ್ ಹೊಸದು ಹಾಕಿಸಿ. ಇಲ್ಲವಾದರೆ ಸ್ಪೋಕಿನ ತುದಿ ಹೊಸ ಟ್ಯೂಬನ್ನೇ ಚುಚ್ಚುತ್ತದೆ. ಟೈರ್ ಮೇಲೆ ಬಾಣದ ಗುರುತಿದ್ದರೆ ಗಾಲಿ ತಿರುಗುವ ದಿಕ್ಕಿಗೇ ಇರಬೇಕು. ಇದನ್ನು ತಪ್ಪಾಗಿ ಹಾಕಿದ್ದು ಬಹಳ ಕಂಡಿದ್ದೇನೆ. ಟೈರ್ ಕೂರಿಸಲು ಸಾಬೂನು ನೀರು ಸಾಕು, ಗ್ರೀಸ್ ಹಚ್ಚಲು ಬಿಡಬೇಡಿ. ಹವಾ ಎಷ್ಟು ಅನ್ನುವುದು ಗಾಡಿಯ ಪುಸ್ತಕದಲ್ಲಿದೆ. ಇಬ್ಬರು ಕೂತಾಗ ಹಿಂದಿನದಕ್ಕೆ ಜಾಸ್ತಿ ಬೇಕು. ಗಾಡಿ ಓಡಿಸುವ ಮೊದಲು, ಟೈರ್ ತಣ್ಣಗಿರುವಾಗಲೇ ಹಾಕಿಸಿ.

ಹೊಸ ಟೈರಿನ ಮೇಲ್ಮೈ ನುಣುಪಾಗಿರುತ್ತದೆ. ಮೊದಲ ನೂರೈವತ್ತು ಕಿಲೋಮೀಟರ್ ಜೋರು ಬ್ರೇಕ್, ಜೋರು ತಿರುವು ಬೇಡ. ಕೂಡಲಸಂಗಮದ ಪ್ರಯಾಣ ಇದಕ್ಕೆ ಸರಿಹೋಯಿತು, ಚೋರ್ಲಾ ಅದರ ನಂತರ ಇಟ್ಟುಕೊಳ್ಳಿ.

ಈಗ ಎರಡೂ ಟೈರಿಗೆ ಒಟ್ಟಿಗೆ ದುಡ್ಡು ಹೊಂದದಿದ್ದರೆ ಮುಂದಿನದನ್ನು ಮೊದಲು ಹಾಕಿಸಿ. ಬಹಳ ಜನ ಹಿಂದಿನದು ಬೇಗ ಸವೆಯುತ್ತದೆ ಅಂತ ಅದನ್ನೇ ಮೊದಲು ಬದಲಾಯಿಸುತ್ತಾರೆ. ಸವೆದ ಟೈರಿನ ಮಾತಾದರೆ ಅದು ಸರಿ, ಹಳೇ ಟೈರಿನ ಮಾತಾದರೆ ಮುಂದಿನದೇ ಮೊದಲು. ಹಿಂದಿನದು ಬರುವ ತನಕ ಊರೊಳಗೆ ಮಾತ್ರ, ಒಬ್ಬರೇ ಓಡಿಸಿ. ಯಾವಾಗಲಾದರೂ ಓಡುವಾಗ ಹವಾ ಹೋಗಿ ಗಾಡಿ ತೂರಾಡಲು ಶುರುವಾದರೆ ಹ್ಯಾಂಡಲ್ ನೇರ ಹಿಡಿದು ಆಕ್ಸಿಲರೇಟರ್ ನಿಧಾನಕ್ಕೆ ಬಿಡಿ. ಹವಾ ಹೋದ ಗಾಲಿಯ ಬ್ರೇಕ್ ಮುಟ್ಟಬೇಡಿ, ಇನ್ನೊಂದು ಗಾಲಿಯದ್ದನ್ನು ಮೆಲ್ಲಗೆ ಹಿಡಿಯಿರಿ.

ಅಂಗಡಿ ತನಕ ಹಳೇ ಟೈರ್ ಮೇಲೇ ಓಡಿಸಿಕೊಂಡು ಹೋಗಬಹುದಾ ಅಂತ ಮುಂದಿನ ಪ್ರಶ್ನೆ ಬರುತ್ತದೆ, ಗೊತ್ತು. ಊರಲ್ಲೇ ಅಂಗಡಿ ಇದ್ದರೆ, ಒಣ ದಿನವಾದರೆ, ಸೈಕಲ್ ವೇಗದಲ್ಲಿ ಹೋಗಿ. ಬಾಗಲಕೋಟೆಗೋ ಬೆಳಗಾವಿಗೋ ಹೋಗಿ ಹಾಕಿಸುವುದಾದರೆ ಗಾಲಿಗಳನ್ನು ಬಿಚ್ಚಿಸಿ ಬೇರೆ ಗಾಡಿಯಲ್ಲಿ ಒಯ್ಯಿರಿ. ಬಿಚ್ಚಿದ ಹಳೇ ಟೈರನ್ನು ‘ಗ್ರಿಪ್ ಚಲೋ ಐತಿ’ ಅಂತ ಯಾರಾದರೂ ಕೇಳಿದರೆ ಕೊಡಬೇಡಿ, ಅಂಗಡಿಯಲ್ಲೇ ಅಡ್ಡ ಕತ್ತರಿಸಿ ಬಿಡಿ.